ಶೇಂಗಾದ ಮಚ್ಚೆ ಹುಡುಕಿದ ವೈನಿ

ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಬಲಗೈ ಹೆಬ್ಬೆರಳಿನ ತುದಿ ಜಡ್ಡುಗಟ್ಟಿತ್ತು. ಅಲ್ಲಿಯ ಚರ್ಮ ಹಳದಿಗೆ ತಿರುಗಿ, ತೊಗರಿ ಕಾಳಿನಷ್ಟು ಉಬ್ಬಿಕೊಂಡಿತ್ತು. ನಮ್ಮ ಮನೆಯ ಹೆಂಗಸರಿಗೆ ಕೈ ಜಡ್ಡುಗಟ್ಟುವುದು ಹೊಸದೇನಲ್ಲ. ಅವ್ವನ ಅಂಗೈ ರೊಟ್ಟಿ ಬಡಿದು ಬಡಿದು ಗಡುಸಾಗಿತ್ತು, ಅಜ್ಜಿಯದು ಬೀಸುಕಲ್ಲಿನ ಗೂಟ ಹಿಡಿದು. ಆದರೆ ಹೆಬ್ಬೆರಳಿನ ತುದಿ ಜಡ್ಡುಗಟ್ಟುವಂಥ ಕೆಲಸ ಯಾವುದು ಎಂದು ಅವ್ವನಿಗೆ ತಿಳಿಯಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ದಿನ ಸೊಸೆಯ ಕೈ ಹಿಡಿದುಕೊಂಡು ಕೇಳಿಯೇಬಿಟ್ಟಳು.

"ಪಿಪೆಟ್ ಒತ್ತಿ ಒತ್ತಿ ಆಗೇತ್ರಿ ಅತ್ತೇರ. ಪೆನ್ನಿನಂಗ ಇರತೈತಿ. ತಲಿ ಒತ್ತಿದ್ರ ಕಣ್ಣಿಗೆ ಕಾಣೂದೋ ಇಲ್ಲೋ ಅನ್ನೂವಷ್ಟು ಸಣ್ಣ ಹನಿ ಬೀಳತೈತಿ."

"ಅಷ್ಟು ಸಣ್ಣ ಹನಿ ತಗೊಂಡು ಏನ್ ಮಾಡ್ತೀಯವಾ?"

"ಇನ್ನೊಂದು ಸಣ್ಣ ಹನಿಗೆ ಕೂಡಸ್ತೇನ್ರಿ."

ಅವ್ವ ನನ್ನ ಮುಖ ನೋಡಿದಳು. ನಾನು ಅವ್ವನ ಮುಖ ನೋಡಿದೆ. ವೈನಿ ಮಾತ್ರ ತಾನು ಹೇಳಿದ್ದರಲ್ಲಿ ವಿಚಿತ್ರವೇನಿದೆ ಎಂಬಂತೆ ಕೊತ್ತಂಬರಿ ಸೋಸುತ್ತ ಕೂತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ ನಮ್ಮ ಮನೆ. ಅಪ್ಪನದು ಶೇಂಗಾ ವ್ಯಾಪಾರ. ಅಣ್ಣ ಅಪ್ಪನ ಜೊತೆ ಅಂಗಡಿಯಲ್ಲಿ ಕೂಡುತ್ತಿದ್ದ. ಹುಡುಗಿ ಪಿಎಚ್.ಡಿ. ಮಾಡಿದ್ದಾಳೆ, ಧಾರವಾಡದ ಒಂದು ಬೆಳೆ ಸಂಶೋಧನಾ ಕೇಂದ್ರದಲ್ಲಿ ಶೇಂಗಾದ ಮೇಲೆ ಕೆಲಸ ಮಾಡುತ್ತಾಳೆ ಎಂದು ಸಂಬಂಧ ತಂದವರು ಹೇಳಿದಾಗ ಅಪ್ಪ ತಮ್ಮ ಅಂಗಡಿಗೇ ಒಬ್ಬ ಪರಿಣತೆ ಸಿಕ್ಕಳು ಎಂದು ತಿಳಿದರಂತೆ. ಹುಡುಗಿ ನೋಡಲು ಹೋದಾಗ ಜೇಬಿನಿಂದ ಒಂದು ಹಿಡಿ ಶೇಂಗಾ ತೆಗೆದು ತಟ್ಟೆಯಲ್ಲಿಟ್ಟು, "ಇದು ಯಾ ಕಡೀ ಮಾಲು ಹೇಳವಾ?" ಅಂದರು. ಹುಡುಗಿ ಒಂದು ಬೀಜ ಎತ್ತಿ ತಿರುಗಿಸಿ ನೋಡಿ, "ಎಲಿ ಇದ್ರ ಏನರೆ ಹೇಳ್ತಿದ್ನಿರಿ. ಬರೇ ಬೀಜ ನೋಡಿದ್ರ ನನಗೇನೂ ತಿಳಿಯೂದಿಲ್ಲ," ಅಂದರು. ಅಪ್ಪನಿಗೆ ನಿರಾಸೆಯಾಯಿತು. ಅಣ್ಣನಿಗೆ ಮಾತ್ರ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಆ ರೀತಿ ಹಿಡಿಸಿತು. ಮದುವೆಯಾಯಿತು.

ಸೊಸೆ ಡಾಕ್ಟರ್ ಎಂದು ಓಣಿಯಲ್ಲಿ ಸುದ್ದಿ ಹಬ್ಬಿ, ಜ್ವರ, ಮೊಣಕಾಲು ನೋವು ಎಂದು ಜನ ಬರತೊಡಗಿದರು. ವೈನಿ ನಗುತ್ತ, "ನಾ ಮನಶಾರ ಡಾಕ್ಟರ್ ಅಲ್ರಿ, ಗಿಡದ್ದು," ಎಂದು ಹೇಳಿ ಕಳಿಸುತ್ತಿದ್ದರು. ಹಾಗೆ ಕಳಿಸುವಾಗ ಗೇಟಿನ ತನಕ ಹೋಗಿ ಅವರ ಮನೆಯ ಗುಲಾಬಿಯ ಬಗ್ಗೆ, ಕರಿಬೇವಿನ ಬಗ್ಗೆ ವಿಚಾರಿಸುವರು. ಯಾವ ಗಿಡ ಕಂಡರೂ ಅವರು ಎಲೆಯ ಮುಖ ನೋಡುತ್ತಿರಲಿಲ್ಲ. ಎರಡು ಬೆರಳಲ್ಲಿ ಹಿಡಿದು, ಮಗುಚಿ, ಬೆನ್ನು ನೋಡುತ್ತಿದ್ದರು. ಮದುವೆ ಮನೆಗಳಲ್ಲಿ ಬಾಗಿಲಿಗೆ ಕಟ್ಟಿದ ಮಾವಿನೆಲೆಯನ್ನೂ ಬಿಡುತ್ತಿರಲಿಲ್ಲ. ರೋಗ ಮೊದಲು ಬೆನ್ನಿಗೇ ಬಂದು ಕೂಡುತ್ತದೆ ಎಂಬುದು ಅವರ ವಿವರಣೆ.

ಅವರ ಕೆಲಸ ಏನು ಎಂಬುದನ್ನು ನಮಗೆ ತಿಳಿಸಿ ಹೇಳಿದ್ದು ಒಂದು ರವಿವಾರ ಮಧ್ಯಾಹ್ನ, ಪಡಸಾಲೆಯಲ್ಲಿ ಅವ್ವ, ವೈನಿ, ನಾನು ಮೂವರೂ ಶೇಂಗಾ ಸುಲಿಯುತ್ತ ಕೂತಾಗ. ಶೇಂಗಾಕ್ಕೆ ತುಕ್ಕು ರೋಗ ಎಂಬುದೊಂದಿದೆ. ಎಲೆಯ ಬೆನ್ನಿನಲ್ಲಿ ಕಿತ್ತಳೆ ಬಣ್ಣದ ಪುಡಿ ಏಳುತ್ತದೆ, ಎಲೆ ಒಣಗುತ್ತದೆ, ಕಾಯಿ ಜೊಳ್ಳಾಗುತ್ತದೆ. ಕೆಲವು ಕಾಡು ತಳಿಗಳಿಗೆ ಈ ರೋಗ ತಡೆಯುವ ಶಕ್ತಿ ಇರುತ್ತದೆ. ಆ ಶಕ್ತಿಯನ್ನು ಒಳ್ಳೆಯ ಕಾಯಿ ಬಿಡುವ ತಳಿಗೆ ತರಬೇಕೆಂದರೆ ಎರಡನ್ನೂ ಕೂಡಿಸಿ, ಹುಟ್ಟಿದ ಸಾವಿರಾರು ಗಿಡಗಳಲ್ಲಿ ಯಾವುದಕ್ಕೆ ಶಕ್ತಿ ಬಂದಿದೆ ಎಂದು ಆರಿಸಬೇಕು. ಅದಕ್ಕೆ ರೋಗ ಬರುವ ತನಕ ಕಾಯಬೇಕು. ಕೆಲವು ವರ್ಷ ರೋಗವೇ ಬರುವುದಿಲ್ಲ, ವರ್ಷವೇ ದಂಡ.

"ಅದಕ್ಕ ನಾ ಮಚ್ಚಿ ಹುಡಕಾಕತ್ತೇನ್ರಿ ಅತ್ತೇರ," ಅಂದರು ವೈನಿ. "ನಿಮ್ಮ ತವರಮನ್ಯಾಗ ಕಿವಿ ಹಿಂದ ಮಚ್ಚಿ ಇದ್ದವ್ರಿಗೆಲ್ಲಾ ಅಜ್ಜಾರ ಸಿಟ್ಟು ಬಂದೈತಿ ಅಂತೀರಲ್ರಿ? ಹಂಗ. ಮಚ್ಚಿ ಏನ್ ಸಿಟ್ಟ ತರೂದಿಲ್ಲ. ಆದ್ರ ಸಿಟ್ಟು ಇದ್ದಲ್ಲಿ ಮಚ್ಚಿ ಇರತೈತಿ. ಶೇಂಗಾದ ಸಸಿ ನಾಕ ಎಲಿ ಬಿಟ್ಟಿದ್ದಾಗ ಅದರ ಡಿಎನ್‌ಎದಾಗ ಅಂಥಾ ಮಚ್ಚಿ ಕಂಡ್ರ, ಈ ಗಿಡ ರೋಗ ತಡೀತೈತಿ ಅಂತ ಮೊದಲs ಹೇಳಬಹುದು. ರೋಗ ಬರೂತನಕಾ ಕಾಯೂದು ಬ್ಯಾಡ."

"ಸಿಕ್ಕೈತೇನು?"

"ಇನ್ನೂ ಇಲ್ರಿ."

"ಕಿವಿ ಹಿಂದ ನೋಡವಾ," ಅಂದಳು ಅವ್ವ. ಮೂವರೂ ನಕ್ಕೆವು. ಅಂದಿನಿಂದ ನಮ್ಮ ಮನೆಯಲ್ಲಿ ಆ ಸಂಶೋಧನೆಯ ಹೆಸರು ಮಚ್ಚಿ ಎಂದೇ ಆಯಿತು. ಸಂಜೆ ಬಸ್ಸಿಳಿದು ಬಂದ ವೈನಿಗೆ ನೀರು ಕೊಡುತ್ತ ಅವ್ವ ಕೇಳುತ್ತಿದ್ದದ್ದು ಅದನ್ನೇ. "ಮಚ್ಚಿ ಸಿಕ್ತೇನು?"

ವೈನಿಗೆ ಒಂದು ಮಾತಿನ ಚಾಳಿ ಇತ್ತು. "ಇನ್ನೊಮ್ಮೆ ನೋಡೂಣು." ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಅಣ್ಣ ಹೇಳಿದರೂ ಇದೇ ಮಾತು. ಇನ್ನೊಂದು ಸೌಟು ಬಡಿಸಿಕೊಂಡು ತಾವೇ ರುಚಿ ನೋಡಿ, ಆಮೇಲೆ ಒಪ್ಪುವರು ಅಥವಾ ಒಪ್ಪದಿರುವರು. ಅಣ್ಣ ಇದನ್ನು ಅಣಕಿಸುತ್ತಿದ್ದ. ನನ್ನ ಪಾಲಿಗೆ ಮಾತ್ರ ಆ ಮಾತು ದೊಡ್ಡದಾಯಿತು.

ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ರಸಾಯನಶಾಸ್ತ್ರದಲ್ಲಿ ಫೇಲಾದೆ. ಫಲಿತಾಂಶ ಬಂದ ದಿನದಿಂದ ಹೊರಗೆ ಮುಖ ತೋರಿಸಲಿಲ್ಲ. ಅವ್ವ ವರ ನೋಡುವ ಮಾತು ತೆಗೆದಳು. ಅಪ್ಪ ಬೇಡವೆನ್ನಲಿಲ್ಲ. ಊಟಕ್ಕೆ ಕೂತಾಗ ವೈನಿ, "ಮಾವಾರ, ಈಕಿನ್ನ ಇನ್ನೊಮ್ಮೆ ಪರೀಕ್ಷಾಕ್ಕ ಕುಂಡ್ರಸೂಣ್ರಿ. ಅಲ್ಲೀತನಕಾ ದಿನಾ ನನ್ನ ಕೂಡ ಧಾರವಾಡಕ್ಕ ಬರಲಿ. ಮನ್ಯಾಗ ಕುಂತ್ರ ತಲಿ ಕೆಡತೈತಿ," ಅಂದರು.

"ಅಲ್ಲಿ ಬಂದು ಈಕಿ ಏನ್ ಮಾಡ್ತಾಳ?"

"ಹೂವು ಬಿಡಸ್ತಾಳ್ರಿ."

ಹಾಗೆ ನಾನು ಒಂದು ಮಳೆಗಾಲ ಪೂರ್ತಿ ವೈನಿಯ ಬೆನ್ನು ಹತ್ತಿ ಧಾರವಾಡಕ್ಕೆ ಹೋದೆ. ಬೆಳಗಿನ ಮೊದಲ ಬಸ್ಸು. ನವಲೂರು ದಾಟುವಾಗ ಕಿಟಕಿಯಿಂದ ತಂಪು ಗಾಳಿ. ಶೇಂಗಾದ ಹೂವು ಬೆಳಗ್ಗೆ ಅರಳಿ ಬಿಸಿಲು ಏರುವುದರೊಳಗೆ ಬಾಡತೊಡಗುತ್ತದೆ, ಆದ್ದರಿಂದ ಪರಾಗ ಹಚ್ಚುವ ಕೆಲಸ ಬೆಳಗಿನಲ್ಲೇ ಮುಗಿಯಬೇಕು. ಹಿಂದಿನ ಸಂಜೆ ಮೊಗ್ಗು ಬಿಡಿಸಿ, ಚಿಮಟದಿಂದ ಗಂಡು ಕೇಸರ ತೆಗೆದು, ದಾರ ಕಟ್ಟಿ ಗುರುತು ಮಾಡಿರುತ್ತಾರೆ. ಬೆಳಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ತಾಗಿಸುವುದು. ಮಂಡಿಯೂರಿ, ಹೊಟ್ಟೆಯನ್ನು ನೆಲಕ್ಕೆ ಹಚ್ಚಿದಂತೆ ಬಾಗಿ ಮಾಡಬೇಕು. ನಾನು ಮೊದಲ ವಾರ ಮುಟ್ಟಿದ ಮೊಗ್ಗುಗಳೆಲ್ಲ ಮುರಿದವು. ವೈನಿ ಬೈಯಲಿಲ್ಲ. "ಭಾಳ ಬಿಗಿ ಹಿಡೀಬ್ಯಾಡ. ಸಣ್ಣ ಕೂಸಿನ ಕಿವಿ ಹಿಡದಂಗ ಹಿಡಿ," ಅಂದರು. ಎರಡನೆಯ ವಾರ ನಾನು ಪರಾಗ ಹಚ್ಚಿದ ಒಂದು ಹೂವು ಹಿಡಿದುಕೊಂಡಿತು. ಹೂವು ಬಾಡಿ ಅದರ ಬುಡದಿಂದ ಸೂಜಿಯಂಥ ಹಸಿರು ಎಳೆ ಇಳಿದು ಮಣ್ಣಿನೊಳಗೆ ಹೋದದ್ದನ್ನು ಅವರೇ ನನ್ನನ್ನು ಕರೆದು ತೋರಿಸಿದರು. ಶೇಂಗಾ ವ್ಯಾಪಾರಿಯ ಮಗಳಾಗಿ ಹುಟ್ಟಿ ಶೇಂಗಾ ನೆಲದೊಳಗೆ ಹೋಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಪ್ರಯೋಗಶಾಲೆ. ಡಿಎನ್‌ಎಯನ್ನು ಹೆಚ್ಚಿಸುವ ಯಂತ್ರ ಆಗಿನ್ನೂ ಅವರಿಗೆ ಬಂದಿರಲಿಲ್ಲ. ಬೇರೆ ಬೇರೆ ಬಿಸಿಯ ನೀರು ತುಂಬಿದ ಮೂರು ತೊಟ್ಟಿ ಇಟ್ಟುಕೊಂಡು, ಕೊಳವೆಗಳನ್ನು ಒಂದರಿಂದ ಇನ್ನೊಂದಕ್ಕೆ ಗಡಿಯಾರ ನೋಡುತ್ತ ತಾವೇ ಎತ್ತಿ ಎತ್ತಿ ಇಡುತ್ತಿದ್ದರು. ಅಷ್ಟೂ ಹೊತ್ತು ನಾನು ಪಕ್ಕದಲ್ಲಿ ಕೂತು ರಸಾಯನಶಾಸ್ತ್ರ ಓದಬೇಕು. ತೊಟ್ಟಿ ಬದಲಿಸುವ ನಡುವೆ ಅವರು ಪ್ರಶ್ನೆ ಕೇಳಬೇಕು. ಆ ವರ್ಷ ನಾನು ಪಾಸಾದೆ. ವರ ನೋಡುವ ಮಾತು ಪದವಿ ಮುಗಿಯುವ ತನಕ ಮುಂದೆ ಹೋಯಿತು.

ಅಪ್ಪ ಮಾತ್ರ ಈ ಎಲ್ಲದರಿಂದ ದೂರವೇ ಇದ್ದರು. ಸೊಸೆಯ ಮೇಲೆ ಸಿಟ್ಟಿರಲಿಲ್ಲ, ಕೆಲಸದ ಮೇಲೆ ನಂಬಿಕೆಯೂ ಇರಲಿಲ್ಲ. ಅದು ಬದಲಾದದ್ದು ಒಂದು ಬೇಸಿಗೆಯಲ್ಲಿ.

ಪ್ರಯೋಗಶಾಲೆಯ ಹತ್ತಿರದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಜನರೇಟರ್ ಅರ್ಧ ದಿನ ನಡೆದು ಕೈಕೊಟ್ಟಿತು. ಫ್ರೀಜರಿನಲ್ಲಿ ಹಿಂದಿನ ವರ್ಷಗಳ ಗಿಡಗಳ ಎಲೆಗಳಿದ್ದವು. ಆ ಗಿಡಗಳು ಯಾವಾಗಲೋ ಒಣಗಿ ಹೋಗಿದ್ದವು. ಎಲೆ ಕರಗಿ ಕೆಟ್ಟರೆ ಮತ್ತೆ ತರುವುದು ಎಲ್ಲಿಂದ? ವೈನಿ ಅಂಗಡಿಗೆ ಫೋನ್ ಮಾಡಿದರು. ಅಣ್ಣ ಊರಲ್ಲಿರಲಿಲ್ಲ. ಅಪ್ಪ ಫೋನ್ ಎತ್ತಿದರು.

"ಮಾವಾರ, ಎಲ್ಲೆರೆ ಬರ್ಫು ಸಿಕ್ಕೀತೇನ್ರಿ? ಭಾಳ ಬೇಕ್ರಿ," ಎನ್ನುವಾಗ ಅವರ ದನಿ ನಡುಗುತ್ತಿತ್ತಂತೆ. ಸೊಸೆಯ ದನಿ ನಡುಗಿದ್ದನ್ನು ಅಪ್ಪ ಅದುವರೆಗೆ ಕೇಳಿರಲಿಲ್ಲ.

ಧಾರವಾಡದ ಲಕಮನಹಳ್ಳಿಯಲ್ಲಿ ಅಪ್ಪನ ಗೆಳೆಯರೊಬ್ಬರ ಐಸ್‌ಕ್ರೀಮ್ ಕಾರ್ಖಾನೆ ಇತ್ತು. ಐಸ್‌ಕ್ರೀಮಿನ ಮೇಲೆ ಉದುರಿಸಲು ಶೇಂಗಾದ ಚೂರು ನಮ್ಮ ಅಂಗಡಿಯಿಂದಲೇ ಹೋಗುತ್ತಿತ್ತು. ಅಪ್ಪ ಅವರಿಗೆ ಹೇಳಿ, ಶೇಂಗಾ ಸಾಗಿಸುವ ಟೆಂಪೋ ಹತ್ತಿ, ನನ್ನನ್ನೂ ಕೂಡಿಸಿಕೊಂಡು, ಕಾರ್ಖಾನೆಯಿಂದ ಬರ್ಫು ಹೇರಿಕೊಂಡು ಪ್ರಯೋಗಶಾಲೆಗೆ ಹೋದರು. ಥರ್ಮಾಕೋಲ್ ಡಬ್ಬಿಗಳಿಗೆ ಎಲೆಯ ಪೊಟ್ಟಣ ತುಂಬಿ, ಸುತ್ತ ಬರ್ಫು ಒತ್ತಿ, ಮೇಲೆ ಗೋಣಿಚೀಲ ಹೊದಿಸಿದೆವು. ಅಪ್ಪ ಧೋತರ ಎತ್ತಿ ಕಟ್ಟಿ ತಾವೇ ಡಬ್ಬಿ ಹೊತ್ತರು.

ಕಾರ್ಖಾನೆಯ ತಣ್ಣನೆಯ ಕೋಣೆಯಲ್ಲಿ ವೆನಿಲಾ ಡಬ್ಬಗಳನ್ನು ಸರಿಸಿ ಜಾಗ ಮಾಡಿಕೊಟ್ಟ ಮಾಲಕರು ಒಂದು ಪೊಟ್ಟಣ ಎತ್ತಿ ನೋಡಿ, "ಏನ್ರಿ ಸಾವಕಾರ್ರ, ಇಷ್ಟೆಲ್ಲಾ ಗಡಿಬಿಡಿ ಶೇಂಗಾದ ಎಲಿ ತಪ್ಪಲಕ್ಕೇನ್ರಿ? ನಾ ಏನೋ ಔಷಧಾ ಅಂತ ತಿಳಿದಿದ್ನಿ," ಅಂದರು.

ಅಪ್ಪ ಬೆವರು ಒರೆಸಿಕೊಳ್ಳುತ್ತ, "ತಪ್ಪಲಾ ಅಲ್ಲಪಾ. ಇದರಾಗ ಮಚ್ಚಿ ಐತಿ," ಅಂದರು.

ವೈನಿ ಬಾಯಿಗೆ ಸೆರಗು ಅಡ್ಡ ಹಿಡಿದದ್ದನ್ನು ನಾನು ನೋಡಿದೆ. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. ಕರೆಂಟು ಬರುವ ತನಕ ಎಲೆಗಳು ಐಸ್‌ಕ್ರೀಮಿನ ಜೊತೆ ಅಲ್ಲೇ ಇದ್ದವು, ಒಂದೂ ಕೆಡಲಿಲ್ಲ. ಆಮೇಲೆ ಅಂಗಡಿಗೆ ಬಂದ ಹಳ್ಳಿಯವರಿಗೆಲ್ಲ ಅಪ್ಪ ತುಕ್ಕು ರೋಗದ ಬಗ್ಗೆ ಹೇಳತೊಡಗಿದರು. ಅರ್ಧ ಸರಿ, ಅರ್ಧ ತಪ್ಪು. ಉತ್ಸಾಹ ಮಾತ್ರ ಪೂರ್ತಿ.

ತೊಂಬತ್ತರ ದಶಕದ ಕೊನೆಗೆ ಮಚ್ಚೆ ಸಿಕ್ಕಿತು. ಕತ್ತಲೆ ಕೋಣೆಯಲ್ಲಿ ನೇರಳೆ ಬೆಳಕಿನ ಮೇಲೆ ಇಟ್ಟ ತೆಳು ಹಾಳೆಯಂಥ ಜೆಲ್ಲಿಯಲ್ಲಿ ಕಿತ್ತಳೆ ಬಣ್ಣದ ಗೆರೆಗಳು ಹೊಳೆಯುತ್ತವೆ. ರೋಗ ತಡೆಯುವ ಗಿಡಗಳಲ್ಲೆಲ್ಲ ಒಂದು ಗೆರೆ ಒಂದೇ ಜಾಗದಲ್ಲಿ ಬಂದಿತ್ತು. ರೋಗ ಬಂದ ಗಿಡಗಳಲ್ಲಿ ಅದು ಇರಲಿಲ್ಲ. ಹಲವು ಸಲ ನೋಡಿದ ಮೇಲೆಯೇ ವೈನಿ ಹೊರಗೆ ಹೇಳಿದ್ದು. ಕೇಂದ್ರದ ಮುಖ್ಯಸ್ಥರು ಸಂತೋಷದಿಂದ ಪತ್ರಿಕೆಯವರನ್ನು ಕರೆಸಿದರು. ಶೇಂಗಾ ಗಿಡ ಹಿಡಿದು ನಿಂತ ವೈನಿಯ ಫೋಟೋ ಬಂತು. ಅಪ್ಪ ಅದನ್ನು ಕತ್ತರಿಸಿ, ಕಟ್ಟು ಹಾಕಿಸಿ, ಅಂಗಡಿಯಲ್ಲಿ ಹಣದ ಗಲ್ಲೆಯ ಮೇಲಿನ ಗೋಡೆಗೆ ತೂಗುಹಾಕಿದರು. ಮುಂದಿನ ಮಳೆಗಾಲ ಮುಗಿದ ಮೇಲೆ ಕೇಂದ್ರದಲ್ಲಿ ದೊಡ್ಡ ರೈತರ ಸಭೆ ಇಟ್ಟು, ಅಲ್ಲಿ ವೈನಿ ಈ ವಿಷಯ ಹೇಳುವುದೆಂದು ಗೊತ್ತಾಯಿತು. ಅವರ ಬಡ್ತಿಯ ಮಾತೂ ನಡೆದಿತ್ತು.

ಸಭೆಗೆ ಒಂದು ವಾರ ಇರುವಾಗ ರವಿವಾರ ಮಧ್ಯಾಹ್ನ ಗದಗಿನ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಳು. ವೈನಿಯ ಕೈಕೆಳಗೆ ಎಂ.ಎಸ್ಸಿ. ಮಾಡುತ್ತಿದ್ದವಳು. ವೈನಿ ಹೋಳಿಗೆಯ ಹೂರಣಕ್ಕೆ ಶೇಂಗಾ ಹುರಿಯುತ್ತಿದ್ದರು. ಹುಡುಗಿ ಅಡುಗೆಮನೆಯ ಬಾಗಿಲಲ್ಲೇ ನಿಂತು ಪೇಪರಿನ ಮಡಿಕೆ ಬಿಚ್ಚಿದಳು. ಒಳಗೆ ಶೇಂಗಾದ ಎಲೆ. ವೈನಿ ಒಂದನ್ನು ಮಗುಚಿದರು. ಬೆರಳಿಗೆ ಕಿತ್ತಳೆ ಪುಡಿ ಹತ್ತಿತು.

"ಇದರಾಗ ಮಚ್ಚಿ ಐತೇನು?"

"ಐತ್ರಿ ಮೇಡಂ."

"ಇದೊಂದs ಗಿಡಾನೋ?"

"ಅಲ್ರಿ. ಭಾಳ ಅದಾವ್ರಿ. ನಾವು ಬ್ಯಾರೆ ತಳಿ ಕೂಡ ಕೂಡಿಸಿದ್ವೆಲ್ರಿ, ಆ ಹೊಲದಾಗ."

"ಇನ್ನೊಮ್ಮೆ ನೋಡಿದೇನು?"

"ಮತ್ತ ಮತ್ತ ನೋಡೇನ್ರಿ. ನನ್ನ ಕೈ ತಪ್ಪಿರಬೇಕು ಅಂತ..." ಹುಡುಗಿ ಅಳತೊಡಗಿದಳು. "ಮೊದಲs ಹೇಳಬೇಕಿತ್ರಿ. ಅಂಜಿಕಿ ಬಂತ್ರಿ."

ವೈನಿ ಒಲೆ ಆರಿಸಿದರು. ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡಿದರು. ಆಮೇಲೆ ಪೇಪರನ್ನು ಹಾಗೇ ಮಡಚಿ ಮೇಲಿಟ್ಟು, "ಅಳಬ್ಯಾಡ. ಛಲೋ ಕೆಲಸಾ ಮಾಡೀದಿ. ಕೈ ತೊಳಕೋ, ಊಟಾ ಮಾಡಿ ಹೋಗು," ಅಂದರು. ಆ ಹುಡುಗಿಗೆ ತಾವೇ ಬಡಿಸಿದರು. ಆದರೆ ಹುರಿದ ಶೇಂಗಾ ಹಾಗೇ ಉಳಿಯಿತು, ಹೋಳಿಗೆ ಆಗಲಿಲ್ಲ.

ಮುಖ್ಯಸ್ಥರು ಕೆಟ್ಟ ಮನುಷ್ಯರಲ್ಲ. ಮಚ್ಚೆ ಹೆಚ್ಚಿನ ಗಿಡಗಳಲ್ಲಿ ಸರಿಯಾಗಿಯೇ ಇದೆ, ಸಭೆಯಲ್ಲಿ ಹೇಳಿಬಿಡಿ, ಮುಂದೆ ಸರಿ ಮಾಡೋಣ ಎಂದು ಅವರು ಹೇಳಿದರಂತೆ. ವೈನಿ ಒಪ್ಪಲಿಲ್ಲ. ಹಾಗೆಂದು ಸಭೆಯಲ್ಲಿ ಏನು ಹೇಳುವವರಿದ್ದಾರೆ ಎಂದು ಮನೆಯಲ್ಲಿ ನಮಗೂ ಹೇಳಲಿಲ್ಲ. ಸೊಸೆ ಭಾಷಣ ಮಾಡುತ್ತಾಳೆಂದು ಅಪ್ಪ ಹೊಸ ಟೊಪ್ಪಿಗೆ ಹಾಕಿಕೊಂಡು, ಇಬ್ಬರು ವ್ಯಾಪಾರಿ ಗೆಳೆಯರನ್ನೂ ಕಾರಿನಲ್ಲಿ ಕೂಡಿಸಿಕೊಂಡು ಬಂದರು. ನಾನೂ ಹೋದೆ.

ವೈನಿ ಮೈಕಿನ ಮುಂದೆ ನಿಂತು ಮಚ್ಚೆ ಎಂದರೇನು ಎಂದು ಸರಳವಾಗಿ ಹೇಳಿದರು. ಪೇಪರಿನಲ್ಲಿ ಬಂದದ್ದನ್ನು ನೆನಪಿಸಿದರು. ಆಮೇಲೆ, "ಅದು ತಪ್ಪು ಅಂತ ಈಗ ಗೊತ್ತಾಗೇತ್ರಿ. ಮಚ್ಚಿ ಇದ್ದ ಗಿಡಕ್ಕೂ ರೋಗ ಬಂದೈತಿ. ನಮ್ಮ ವಿದ್ಯಾರ್ಥಿನಿ ಅದನ್ನ ಹುಡಿಕಿ ತಗದಾಳ," ಎಂದು ಹುಡುಗಿಯನ್ನು ತೋರಿಸಿದರು. ಸಭೆಯಲ್ಲಿ ಗುಸುಗುಸು ಎದ್ದಿತು. ಅಪ್ಪನ ಗೆಳೆಯರು ಅಪ್ಪನ ಕಡೆ ತಿರುಗಿದರು. ಅಪ್ಪ ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದರು.

ಹಿಂದಿನ ಸಾಲಿನಿಂದ ಹಿರಿಯ ರೈತರೊಬ್ಬರು ಎದ್ದು ನಿಂತು ಕೇಳಿದರು. "ಹಂಗಾರ ಇಷ್ಟು ವರ್ಷ ಏನ್ ಮಾಡಿದ್ರಿ ಬಾಯಾರ?"

ಜನ ನಕ್ಕರು. ವೈನಿಯೂ ಸ್ವಲ್ಪ ನಕ್ಕರು. "ಬಾಜೂ ಮನೀ ಬಾಗಲಾ ಬಡೀತಿದ್ನಿರಿ. ರೋಗ ತಡಿಯೂ ಗುಣಾ ಅದs ಓಣ್ಯಾಗ ಐತಿ, ಆ ಮನ್ಯಾಗ ಇಲ್ಲ. ಇನ್ನೊಮ್ಮೆ ಹುಡಕ್ತೇನ್ರಿ."

"ಹುಡಕ್ರಿ. ನಾವೇನ್ ಶೇಂಗಾ ಬಿತ್ತೂದು ಬಿಡೂದಿಲ್ಲ," ಎಂದು ಆ ರೈತರು ಕೂತರು.

ಕಾರಿನಲ್ಲಿ ಹುಬ್ಬಳ್ಳಿಗೆ ಹೊರಟೆವು. ಗೆಳೆಯರಿಬ್ಬರೂ ಇಳಿದ ಮೇಲೆ ಅಪ್ಪ ಮುಂದಿನ ಸೀಟಿನಿಂದ ತಿರುಗದೆಯೇ ಕೇಳಿದರು. "ಈ ವರ್ಷ ಸುಮ್ಮನಿದ್ರ ಯಾರಿಗೆ ಗೊತ್ತಾಕಿತ್ತವಾ?"

"ಮುಂದಿನ ವರ್ಷ ಹೊಲಕ್ಕ ಗೊತ್ತಾಕಿತ್ತಲ್ರಿ ಮಾವಾರ."



ಮನೆಗೆ ಬಂದ ವೈನಿ ಸೀರೆ ಕೂಡ ಬದಲಿಸದೆ ಮಲಗಿಬಿಟ್ಟರು. ನಮ್ಮ ಮನೆಯಲ್ಲಿ ಹೆಂಗಸರು ಹಗಲಲ್ಲಿ ಹಾಗೆ ಮಲಗುವ ರೂಢಿಯಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಅವ್ವ ಎಬ್ಬಿಸಲಿಲ್ಲ. ರೇಡಿಯೋ ಹಚ್ಚಲು ಹೋದ ಅಣ್ಣನನ್ನು ಸನ್ನೆಯಲ್ಲೇ ತಡೆದಳು, ಪಾತ್ರೆಗಳನ್ನು ಸದ್ದಾಗದಂತೆ ಹಿತ್ತಲಿಗೆ ಒಯ್ದಳು. ಬಾಗಿಲಿಂದ ಇಣುಕಿದಾಗ ವೈನಿ ಗೋಡೆಯ ಕಡೆ ತಿರುಗಿ ಮಲಗಿದ್ದರು. ನಿದ್ದೆ ಹತ್ತಿರಲಿಲ್ಲ, ಕಾಲ್ಬೆರಳು ಅಲುಗುತ್ತಿದ್ದವು. ಕತ್ತಲಾದ ಮೇಲೆ ಎದ್ದು ಬಂದು ಮುಖ ತೊಳೆದು ಚಹಾ ಕೇಳಿದರು. ಅರ್ಧ ಚಹಾ ಆದ ಮೇಲೆ ನನಗೆ, "ಆ ರೋಗಿಷ್ಟ ಗಿಡ ಕಿತ್ತ ಒಗೀಬ್ಯಾಡ್ರಿ ಅಂತ ನಾಳೆ ಮೊದಲs ಹೇಳಬೇಕು, ನೆನಪ ಮಾಡು," ಅಂದರು. ಅವ್ವ ಒಲೆಯ ಕಡೆ ತಿರುಗಿಕೊಂಡಳು.

ಬಡ್ತಿ ಬರಲಿಲ್ಲ, ಅದು ಬಂದದ್ದು ಎಷ್ಟೋ ವರ್ಷದ ಮೇಲೆ. ಯೋಜನೆಯ ಹಣವೂ ನಿಂತಿತು. ಅವರಿಗಿಂತ ಕಿರಿಯರು ಮುಂದೆ ಹೋದರು. ಅಪ್ಪನ ಅಂಗಡಿಗೆ ಬಂದವರೊಬ್ಬರು, ಗಲ್ಲೆಯ ಮೇಲಿನ ಫೋಟೋ ಇನ್ನು ತೆಗೆಯಬಾರದೇ ಎಂದು ಕೇಳಿದಾಗ ಅಪ್ಪ, "ಯಾಕ? ಫೋಟೋ ಛಲೋ ಬಂದೈತಿ. ಇರಲಿ," ಅಂದರಂತೆ.

ಆ ರೋಗಿಷ್ಟ ಗಿಡಗಳ ಬೀಜವನ್ನು ವೈನಿ ಗಾಜಿನ ಬಾಟಲಿಗಳಲ್ಲಿ ತುಂಬಿ ಒಂದು ಪಾಲನ್ನು ಕೇಂದ್ರದಲ್ಲಿ, ಇನ್ನೊಂದು ಪಾಲನ್ನು ಅವ್ವನ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಇಟ್ಟರು. ಸುಕ್ಕುಗಟ್ಟಿದ, ಅರ್ಧ ತುಂಬಿದ ಕಾಳುಗಳು. "ಇಂಥಾ ಮಾಲು ಅಂಗಡಿಗೆ ಬಂದ್ರ ನಾ ಹೊಳ್ಳಿ ಕಳಸ್ತೇನಿ," ಅಂದರು ಅಪ್ಪ.

"ಇದs ಛಲೋ ಮಾಲು ಮಾವಾರ. ಮಚ್ಚಿ, ಗುಣಾ ಎರಡೂ ಕೂಡೇ ಇದ್ದ ಗಿಡಾ ಏನೂ ಹೇಳೂದಿಲ್ಲ. ಎಲ್ಲಿ ಅವೆರಡೂ ಬ್ಯಾರೆ ಆಗ್ಯಾವೋ, ಅಲ್ಲೇ ಗುಣಾ ಎಲ್ಲಿ ಕುಂತೈತಿ ಅನ್ನೂದು ಗೊತ್ತಾಗತೈತಿ. ಗಂಡಾ ಹೆಂಡತಿ ಒಂದs ಮನ್ಯಾಗ ಇದ್ರ ಮನಿ ಯಾರದು ಅಂತ ತಿಳಿಯೂದಿಲ್ಲ. ಜಗಳಾಡಿ ಒಬ್ಬರು ಹೊರಗ ಹೋದ್ರ ತಿಳೀತೈತಿ."

"ನಮ್ಮ ಮನ್ಯಾಗ ಅದನ್ನ ನೋಡಾಕ ಹೋಗಬ್ಯಾಡವಾ," ಎಂದು ಅಪ್ಪ ಅವ್ವನ ಕಡೆ ನೋಡಿದರು.

ಮತ್ತೆ ಬೆಳಗಿನ ಬಸ್ಸು, ಮತ್ತೆ ಮಂಡಿಯೂರಿ ಹೂವು. ಹೀಗೆ ಕೆಲವು ವರ್ಷ ಹೋದವು. ಆ ವರ್ಷಗಳನ್ನು ನೆನೆದರೆ ನನಗೆ ದುಃಖ ಕಾಣುವುದಿಲ್ಲ. ಸಂಜೆ ವೈನಿ ಗೇಟು ತೆರೆಯುವ ಸದ್ದು, ಚಪ್ಪಲಿಗೆ ಮೆತ್ತಿದ ಕರಿಮಣ್ಣು, ನೀರು ಕುಡಿಯುವ ಮೊದಲೇ ಹೊರಬೀಳುವ ಅಂದಿನ ಸುದ್ದಿ. ಗದಗಿನ ಹುಡುಗಿ ಅವರ ಕೈಯಲ್ಲೇ ಪಿಎಚ್.ಡಿ. ಮುಗಿಸಿ ಅದೇ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ನಾನು ಬಿ.ಎಡ್. ಮಾಡಿ ಧಾರವಾಡದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸತೊಡಗಿದೆ. ಆ ಊರಲ್ಲೇ ನನ್ನ ಮದುವೆಯೂ ಆಯಿತು.

ಎರಡು ಸಾವಿರ ಇಸವಿ ಕಳೆದು ಕೆಲವು ವರ್ಷಕ್ಕೆ ಹೊಸ ಮಚ್ಚೆ ಸಿಕ್ಕಿತು. ಈ ಸಲ ಅದು ಗುಣದ ಮಗ್ಗುಲಲ್ಲೇ ಇತ್ತು. ಒಂದು ಹೊಲದಲ್ಲಿ ನೋಡಿದರು, ಬೇರೆ ತಳಿ ಕೂಡಿಸಿ ನೋಡಿದರು, ಬೇರೆ ಊರಿಗೆ ಕಳಿಸಿ ನೋಡಿದರು. ಎಲ್ಲಿಯೂ ಸುಳ್ಳಾಗಲಿಲ್ಲ. ಮತ್ತೆ ರೈತರ ಸಭೆಯಾಯಿತು. ಅಪ್ಪನಿಗೆ ಆಗ ವಯಸ್ಸಾಗಿತ್ತು. ಆದರೂ ಹಳೆಯ ಆ ಇಬ್ಬರು ಗೆಳೆಯರನ್ನೇ ಒತ್ತಾಯ ಮಾಡಿ ಕರೆದುಕೊಂಡು ಬಂದರು. ವೇದಿಕೆಯ ಮೇಲೆ ನಿಂತು ಹೇಳಿದ್ದು ಗದಗಿನ ಹುಡುಗಿ. ವೈನಿ ಎರಡನೆಯ ಸಾಲಿನಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಅಪ್ಪನ ಪಕ್ಕದಲ್ಲಿ ಕೂತಿದ್ದರು.

"ನೀ ಯಾಕ ಹೇಳಲಿಲ್ಲವಾ?" ಅಪ್ಪನಿಗೆ ತಡೆಯಲಿಲ್ಲ.

"ಆಕಿ ಹೇಳಿದ್ರ ಜನಾ ನಂಬತಾರ್ರಿ. ಹೋದ ಸರತಿ ತಪ್ಪು ಹಿಡದಾಕಿ ಆಕೀನs ಅಲ್ರಿ?"

ಅಪ್ಪ ಸ್ವಲ್ಪ ಯೋಚಿಸಿ ತಲೆಯಾಡಿಸಿದರು. ಚಪ್ಪಾಳೆ ಬಿದ್ದಾಗ ಎಲ್ಲರಿಗಿಂತ ಜೋರಾಗಿ ತಟ್ಟಿದವರು ವೈನಿ.

ಆ ಮಚ್ಚೆ ನೋಡಿ ಆರಿಸಿದ ತಳಿ ಹಳ್ಳಿಗಳಿಗೆ ಹೋಯಿತು. ಅದರ ಚೀಲಗಳು ನಮ್ಮ ಅಂಗಡಿಗೂ ಬಂದವು. ಅಪ್ಪ ಆ ಕಾಳನ್ನು ಅಂಗೈಯಲ್ಲಿ ಹಿಡಿದು ಉರುಳಿಸುತ್ತ ಬಂದವರಿಗೆಲ್ಲ ಚಹಾ ಕೊಡಿಸಿದರಂತೆ. ಮುಂದೆ ಎರಡು ವರ್ಷಕ್ಕೆ ಅವರು ಹೋದರು. ಅವರ ಕೊನೆಯ ದಿನಗಳಲ್ಲಿ ಪಕ್ಕದಲ್ಲಿ ಕೂತು ರಾಗಿಗಂಜಿ ಕುಡಿಸಿದವರು ವೈನಿಯೇ.

ವೈನಿ ನಿವೃತ್ತರಾಗುವ ತನಕ ಬದುಕಲಿಲ್ಲ. ರಕ್ತದ ಕಾಯಿಲೆ, ಹುಬ್ಬಳ್ಳಿಯ ಆಸ್ಪತ್ರೆ, ಶ್ರಾವಣ ಮಾಸ. ಶಾಲೆ ಬಿಟ್ಟ ಮೇಲೆ ನಾನು ದಿನವೂ ಹೋಗುತ್ತಿದ್ದೆ. ಸೊರಗಿದ್ದರು, ದನಿ ಮಾತ್ರ ಹಾಗೇ ಇತ್ತು. ಒಂದು ಸಂಜೆ ಕೇಳಿದರು.

"ಇವತ್ತು ಏನ್ ಕಲಿಸಿದಿ?"

"ಹೂವಿನ ಭಾಗ, ವೈನಿ."

"ಕೈಯಾಗ ಹೂವು ಕೊಟ್ಟಿಯೋ, ಬೋರ್ಡಿನ ಮ್ಯಾಲೆ ಚಿತ್ರಾ ತಗದಿಯೋ?"

"ಚಿತ್ರಾರಿ. ಐವತ್ತ ಹುಡಿಗ್ಯಾರು..."

"ನಾಳೆ ಕೈಯಾಗ ಕೊಡು," ಅಂದು ಕಣ್ಣು ಮುಚ್ಚಿದರು.

ಮರುದಿನ ನವಲೂರಿನ ಒಂದು ಹೊಲದಿಂದ ಹೂವು ಬಿಟ್ಟ ಶೇಂಗಾ ಗಿಡಗಳನ್ನು ಮಣ್ಣಿನ ಹೆಂಟೆ ಸಮೇತ ಬುಟ್ಟಿಯಲ್ಲಿ ತಂದೆ. ಹುಡುಗಿಯರು ಗುಂಪುಗುಂಪಾಗಿ ಕೂತು ಬಿಡಿಸಿದರು. ಹಿಂದಿನ ಬೆಂಚಿನ ಒಬ್ಬಳು ಬಾಡಿದ ಹೂವಿನ ಬುಡದಿಂದ ಇಳಿದ ಎಳೆಯನ್ನು ಹಿಡಿದು, "ಟೀಚರ್, ಇದು ಮಣ್ಣಾಗ ಯಾಕ ಹೊಂಟೈತ್ರಿ?" ಎಂದು ಕೂಗಿದಳು. ಸಂಜೆ ಹೋಗಿ ವೈನಿಗೆ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು. "ನೀ ಏನ್ ಹೇಳಿದಿ?" ಅಂದರು. "ಎಳದು ನೋಡು ಅಂದೆ," ಅಂದೆ. "ಹಂಗs," ಅಂದರು. ಆ ವಾರವೇ ಹೋಗಿಬಿಟ್ಟರು.

ಇಷ್ಟು ವರ್ಷಗಳಾದವು, ಆ ಪಾಠವನ್ನು ನಾನು ಹೂವು ಇಲ್ಲದೆ ಮಾಡಿಲ್ಲ. ಒಂದು ವರ್ಷ ಮಳೆ ಬಹಳ ತಡವಾಯಿತು, ಬಿತ್ತನೆಯೂ ತಡವಾಯಿತು. ಉಳಿದ ಶಾಲೆಗಳಲ್ಲಿ ಪಾಠ ಮುಗಿದಿದೆ, ನಿಮ್ಮದೊಂದು ಯಾಕೆ ಹಿಂದೆ ಬಿದ್ದಿದೆ ಎಂದು ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದು ಕೇಳಿದರು.

"ಹೂವು ಇನ್ನೂ ಬಂದಿಲ್ರಿ," ಅಂದೆ.

ಅವರು ನನ್ನನ್ನು ಒಂದು ಥರ ನೋಡಿದರು. ನಾನು ಕಾದೆ. ಮೂರು ವಾರದ ಮೇಲೆ ಒಂದು ಬೆಳಗ್ಗೆ ಹೊಲದ ತುಂಬ ಹಳದಿ ಹೂವು ಬಂದಿತ್ತು. ಹುಡುಗಿಯರನ್ನೆಲ್ಲ ಸಾಲು ಮಾಡಿಸಿ ಅಲ್ಲಿಗೇ ಕರೆದುಕೊಂಡು ಹೋದೆ.